ಲೆನ್ಸ್ ಆಮೇಲೆ, ಮೊದಲು ದಣಪೆ ದಾಟಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು. ಕೆಲಸ ಕಾರವಾರದಲ್ಲಿ. ಶನಿವಾರ ಊರಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್ ಹೋಗುತ್ತೇನೆ. ಚಿಕ್ಕಂದಿನಿಂದ ಬೆಟ್ಟ, ಹಳ್ಳ ಸುತ್ತುವ ಹುಚ್ಚು. ಆ ಹುಚ್ಚಿಗೇ ಎರಡು ವರ್ಷದ ಹಿಂದೆ ಕ್ಯಾಮೆರಾ ಕೊಂಡೆ. 18-55 ಮತ್ತು 70-300 ಲೆನ್ಸ್ ಇವೆ. ಆದರೆ ನಾನು ಅಲ್ಲಿ ಕಂಡದ್ದು ಫೋಟೋದಲ್ಲಿ ಇರುವುದೇ ಇಲ್ಲ. ಹಕ್ಕಿ ಚುಕ್ಕಿಯಾಗಿರುತ್ತದೆ, ಕಾಡು ಬರೀ ಹಸಿರು ರಾಡಿ. ಇನ್ನೊಂದು ಬೇಜಾರು ಅಂದರೆ, ಕ್ಯಾಮೆರಾ ಬಂದ ಮೇಲೆ ಸುತ್ತಾಟದ ಖುಷಿಯೂ ಹೋಗಿದೆ. ಗೆಳೆಯರು 600 ಎಂಎಂ ಲೆನ್ಸ್ ತಗೋ ಅಂತಾರೆ. ಸಾಲ ಮಾಡಿಯಾದರೂ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಸಾಲ ಮಾಡಿಯಂತೂ ಖಂಡಿತ ಬೇಡ.

ನೀವು ಎರಡು ದೂರು ಹೇಳಿದ್ದೀರಿ. ಫೋಟೋ ಚೆನ್ನಾಗಿ ಬರುತ್ತಿಲ್ಲ ಅನ್ನೋದಕ್ಕೆ ಔಷಧಿ ಕೇಳಿದ್ದೀರಿ. ಖುಷಿ ಹೋಯಿತು ಅನ್ನೋದನ್ನು ಸುಮ್ನೆ ಪಕ್ಕದಲ್ಲಿ ಬರೆದಿದ್ದೀರಿ. ನನಗೆ ಆ ಪಕ್ಕದ ಮಾತೇ ರೋಗದ ಮೂಲ ಅನಿಸುತ್ತಿದೆ.

ಕ್ಯಾಮೆರಾ ಹೆಗಲಿಗೆ ಬಂದ ಮೇಲೆ ಹೇಗೆ ಓಡಾಡಿದಿರಿ, ನೆನಪು ಮಾಡಿಕೊಳ್ಳಿ. ಒಂದು ಭಾನುವಾರ ಯಾಣ, ಇನ್ನೊಂದು ಭಾನುವಾರ ಉಂಚಳ್ಳಿ, ರಜೆ ಸಿಕ್ಕರೆ ಗಣೇಶಗುಡಿ. ಹೋದ ಕಡೆ ಏನಾದರೂ ಸಿಗಲೇಬೇಕು. ಸಿಗದಿದ್ದರೆ ಪೆಟ್ರೋಲ್ ದಂಡ ಅನ್ನುವ ಲೆಕ್ಕ. ನಾನೂ ಐದಾರು ವರ್ಷ ಹೀಗೇ ತಿರುಗಿದವನು, ಅದಕ್ಕೇ ಇಷ್ಟು ಧೈರ್ಯದಿಂದ ಹೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ನೀವು ಹೀಗೆ ಸುತ್ತಿರಲಿಲ್ಲ ಅಲ್ವಾ? ಅದೇ ಬೆಟ್ಟಕ್ಕೆ, ಅದೇ ಹಳ್ಳಕ್ಕೆ ನೂರು ಸಲ ಹೋಗಿದ್ದಿರಿ. ಯಾವ ಮರದ ಅಪ್ಪೆಮಿಡಿ ಯಾವಾಗ ಕೊಯ್ಲಿಗೆ ಬರುತ್ತದೆ, ಹಳ್ಳದ ಯಾವ ಕಲ್ಲು ಎತ್ತಿದರೆ ಏಡಿ ಇರುತ್ತದೆ ಅಂತ ಯಾರೂ ಹೇಳಿಕೊಡದೇ ಗೊತ್ತಿತ್ತು. ಒಳ್ಳೆಯ ಪ್ರಕೃತಿ ಚಿತ್ರಕ್ಕೆ ಬೇಕಾದದ್ದು ಆ ತಿಳಿವಳಿಕೆ. ಅದು ನಿಮ್ಮ ಹತ್ತಿರ ಆಗಲೇ ಇದೆ. ನೀವು ಅದನ್ನು ಮನೆಯಲ್ಲೇ ಬಿಟ್ಟು ಬೇರೆ ಊರಿಗೆ ಫೋಟೋ ತೆಗೆಯಲು ಹೋಗುತ್ತಿದ್ದೀರಿ.

ಆದ್ದರಿಂದ ಒಂದು ವರ್ಷದ ಮಟ್ಟಿಗೆ ಎರಡೇ ಜಾಗ ಇಟ್ಟುಕೊಳ್ಳಿ. ಊರಲ್ಲಿ ಮನೆಯ ದಣಪೆಯಿಂದ, ಅಂದರೆ ಬೇಲಿಯ ಬಾಗಿಲಿನಿಂದ, ಅಡಿಕೆ ತೋಟ, ಅಲ್ಲಿಂದ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ತನಕ. ಕಾರವಾರದಲ್ಲಿ ನಿಮ್ಮ ರೂಮಿಗೆ ಹತ್ತಿರವಿರುವ ಕಡಲ ದಂಡೆಯ ಒಂದು ಕಿಲೋಮೀಟರ್. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ದಿನ, ಹೊತ್ತು, ಯಾವ ಮರದಲ್ಲಿ ಹಣ್ಣು, ಯಾವ ಹಕ್ಕಿ, ಬೆಳಕು ಯಾವ ಕಡೆಯಿಂದ, ಇಷ್ಟು ಬರೆದರೆ ಸಾಕು.

ತೋಟದಿಂದಲೇ ಶುರು ಮಾಡೋಣ. ಅಡಿಕೆ ಮರದ ಮೇಲೆ ಹಾರುವ ಓತಿಯನ್ನು ನೀವು ನೋಡಿಯೇ ಇರುತ್ತೀರಿ. ಎಷ್ಟು ಸಲ ನೋಡಿದ್ದೀರಿ ಅಂದರೆ, ಅದರ ಫೋಟೋ ತೆಗೆಯಬೇಕು ಅಂತಲೇ ಅನಿಸಿರಲಿಕ್ಕಿಲ್ಲ. ಹೊರ ರಾಜ್ಯದವರು ಇದೊಂದಕ್ಕೇ ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಕಾಂಡದ ಬಣ್ಣವೇ ಅದರ ಮೈಬಣ್ಣ. ಅಲುಗದಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಇರುವೆ ಹಿಡಿದು ತಿನ್ನುತ್ತಾ ಮೇಲೇರುತ್ತದೆ. ತುದಿಯ ಹತ್ತಿರ ಹೋದ ಮೇಲೆ ಪಕ್ಕೆಲುಬುಗಳನ್ನು ಅಗಲಿಸಿ, ಅದಕ್ಕೆ ಅಂಟಿದ ತೆಳು ಚರ್ಮವನ್ನು ಕೊಡೆಯ ಹಾಗೆ ಬಿಡಿಸಿ, ಮುಂದಿನ ಮರದ ಕೆಳಗಿನ ಭಾಗಕ್ಕೆ ತೇಲಿ ಇಳಿಯುತ್ತದೆ. ಮತ್ತೆ ಹತ್ತುವುದು, ಮತ್ತೆ ತೇಲುವುದು. ಗಂಡಿನ ಗಂಟಲ ಕೆಳಗೆ ಹಳದಿ ಚೀಲದಂಥದ್ದು ಇರುತ್ತದೆ. ಇನ್ನೊಂದು ಗಂಡು ಕಂಡರೆ, ಇಲ್ಲವೇ ಹೆಣ್ಣು ಹತ್ತಿರವಿದ್ದರೆ, ಅದನ್ನು ಫಟ್ ಅಂತ ಬಿಚ್ಚಿ ಮಡಚುತ್ತದೆ.

ಇದಕ್ಕೆ 600 ಎಂಎಂ ಬೇಕಾ? ನಿಮ್ಮ 70-300 ಸಾಕು, ಮೇಲೆ ಮಿಗುತ್ತದೆ. ಬೇಕಾದದ್ದು ಬೇರೆ. ನೀವು ಎದುರು ನಿಂತರೆ ಅದು ಮೆಲ್ಲಗೆ ಕಾಂಡದ ಆಚೆ ಬದಿಗೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ತಮ್ಮನೋ ತಂಗಿಯೋ ಮರದ ಆಚೆ ಬದಿಯಲ್ಲಿ ಸುಮ್ಮನೆ ನಡೆದು ಹೋದರೆ ಅದು ನಿಮ್ಮ ಕಡೆಗೆ ಸರಿದು ಬರುತ್ತದೆ. ಬಿಸಿಲು ತೋಟದೊಳಗೆ ಇಳಿಯುವ ಹೊತ್ತು ನೋಡಿಕೊಳ್ಳಿ. ನಮ್ಮ ಕಡೆ ತೋಟಗಳು ಕಣಿವೆಯಲ್ಲಿ ಇರುವುದರಿಂದ ಅದು ಎಂಟೂವರೆ, ಒಂಬತ್ತು ಆಗುತ್ತದೆ. ಓತಿಗೂ ಬಿಸಿಲು ಕಾಯಿಸಿಕೊಂಡ ಮೇಲೇ ಚುರುಕು. ಬಿಸಿಲು ಅದರ ಹಿಂದಿನಿಂದ ಬರುವ ಹಾಗೆ ನೀವು ನಿಂತಿದ್ದು, ಅದೇ ಹೊತ್ತಿಗೆ ಅದು ಚರ್ಮ ಬಿಡಿಸಿತು ಅಂದರೆ, ಒಳಗಿನ ಎಲುಬಿನ ಗೆರೆಗಳೂ ಕಾಣುತ್ತವೆ. ನನಗೆ ಆ ಫೋಟೋ ಸಿಗಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಓತಿಯ ಬಗ್ಗೆ ಎಷ್ಟು ಗೊತ್ತಾಯಿತು ಅಂದರೆ, ಫೋಟೋ ಸಿಗದಿದ್ದರೂ ಲುಕ್ಸಾನು ಇರಲಿಲ್ಲ.

ಹಕ್ಕಿ ಚುಕ್ಕಿಯಾಗಿರುತ್ತದೆ ಅಂದಿರಿ. ಅದಕ್ಕೆ ನನ್ನದೊಂದು ತಪ್ಪಿನ ಕಥೆಯೇ ಉತ್ತರ.

ಫೆಬ್ರವರಿ ತಿಂಗಳು. ಶಿರಸಿ ಸೀಮೆಯ ಒಂದು ಸೊಪ್ಪಿನ ಬೆಟ್ಟದಲ್ಲಿ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಗೂಡು ಮಾಡಿದೆ ಅಂತ ಸುದ್ದಿ ಸಿಕ್ಕಿತು. ಮಂಗಟ್ಟೆಯ ಸಂಸಾರ ನಿಮಗೆ ಗೊತ್ತಿರಬಹುದು. ಹೆಣ್ಣು ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಡುತ್ತದೆ. ಮೊಟ್ಟೆ, ಮರಿ ಎಲ್ಲ ಒಳಗೇ. ಆ ದಿನಗಳಲ್ಲಿ ಗಂಡು ತಂದು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ. ನಾನು ಮರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಟ್ರೈಪಾಡ್ ಊರಿ ನಿಂತೆ. ಗಂಡು ಬಂತು. ದೂರದ ಮರದ ಮೇಲೆ ಕೂತು ನೋಡಿತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಒಂದೂವರೆ ಗಂಟೆ ಹೀಗೇ. ನನಗೆ ಹಕ್ಕಿಯ ಮೇಲೆ ಸಿಟ್ಟು ಬರುವುದೊಂದು ಬಾಕಿ. ಅಷ್ಟರಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸಲು ಬಂದ ಅಜ್ಜ ಒಬ್ಬರು ನನ್ನನ್ನೂ ಮರವನ್ನೂ ನೋಡಿ ಹೇಳಿದರು: “ತಮಾ, ನೀ ಇಲ್ಲಿ ನಿಂತ್ಕಂಡ್ರೆ ಅದು ಬತ್ತಿಲ್ಲೆ. ಒಳಗಿದ್ದವಕ್ಕೆ ಊಟ ಯಾರು ಕೊಡ್ತ?”

ಟ್ರೈಪಾಡ್ ಮಡಚಿ ಬಂದುಬಿಟ್ಟೆ. ಆ ವರ್ಷ ಮತ್ತೆ ಆ ಕಡೆ ಹೋಗಲಿಲ್ಲ. ಮಂಗಟ್ಟೆಗಳು ಒಗ್ಗಿದ ಪೊಟರೆಗೆ ವರ್ಷ ವರ್ಷವೂ ಬರುತ್ತವೆ. ಮುಂದಿನ ವರ್ಷ ಎದುರಿನ ಗುಡ್ಡದ ಇಳಿಜಾರಿನಲ್ಲಿ, ತುಂಬಾ ದೂರದಲ್ಲಿ, ಪೊದೆಯ ಹಿಂದೆ ಕೂತೆ. ನಿಮ್ಮ ಹತ್ತಿರ ಇರುವಂಥದ್ದೇ 70-300. ಅದರಲ್ಲೂ 100ರ ಆಸುಪಾಸು. ಇಡೀ ಮರ ಬಂತು, ಅದಕ್ಕೆ ಹಬ್ಬಿದ ಬಳ್ಳಿ ಬಂತು, ಬೆಳಗಿನ ಮಂಜು ಬಂತು. ಕಾಂಡದ ನಡುವೆ ಹಣ್ಣು ಕಚ್ಚಿಕೊಂಡ ಹಕ್ಕಿ ಹೆಬ್ಬೆರಳ ಉಗುರಿನಷ್ಟು. ಹಕ್ಕಿ ಸಣ್ಣದಾದ್ದರಿಂದಲೇ ಮರ ಎಷ್ಟು ದೊಡ್ಡದು ಅಂತ ಕಾಣುತ್ತದೆ. ನನ್ನ ಮನೆಯ ಗೋಡೆಗೆ ಹಾಕಿದ್ದು ಅದೊಂದೇ ಫೋಟೋ. ನಿಮ್ಮ ಚುಕ್ಕಿ ಹಕ್ಕಿಯ ಫೋಟೋಗಳನ್ನೂ ಇನ್ನೊಮ್ಮೆ ತೆಗೆದು ನೋಡಿ. ಹಕ್ಕಿ ಸಣ್ಣದಾದದ್ದು ತೊಂದರೆಯೋ, ಸುತ್ತ ಏನೂ ಇಲ್ಲದ್ದು ತೊಂದರೆಯೋ?

ಇನ್ನು ಹಸಿರು ರಾಡಿ. ಇದರಲ್ಲಿ ಅರ್ಧ ಬೆಳಕಿನ ವಿಚಾರ. ಸಿದ್ದಾಪುರದ ಕಡೆಯ ಕಾಡಿಗೆ ಕತ್ತಲೆಕಾನು ಅನ್ನೋ ಹೆಸರು ಸುಮ್ನೆ ಬಂದದ್ದಲ್ಲ. ಬಯಲಲ್ಲಿ ಸೆಕೆಂಡಿನ 1/1000 ಶಟರ್ ವೇಗ ಸಿಗುವ ಹೊತ್ತಿಗೆ ಅಂಥ ಕಾಡಿನೊಳಗೆ 1/15ಕ್ಕೆ ಇಳಿಯುವುದುಂಟು. ಕೈಯಲ್ಲಿ ಹಿಡಿದು ತೆಗೆದರೆ ಅಲುಗದೇ ಇರುತ್ತದಾ? 70-300 ಲೆನ್ಸನ್ನು 300ರಲ್ಲಿ ಇಟ್ಟು ಕೈಯಲ್ಲಿ ಹಿಡಿಯುವುದಾದರೆ 1/500ಕ್ಕಿಂತ ಕೆಳಗೆ ಇಳಿಯಬೇಡಿ. ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾದರೆ ಏರಿಸಿ. ಕಾಳು ಕಾಳಾದ ಫೋಟೋವನ್ನು ಸ್ವಲ್ಪ ಸರಿಪಡಿಸಬಹುದು, ಅಲುಗಿದ್ದನ್ನು ಏನೂ ಮಾಡಲಾಗದು. ಅಲುಗಾಡದ ವಸ್ತುವಾದರೆ ಟ್ರೈಪಾಡ್ ಹಾಕಿ, ಕಡಿಮೆ ಐಎಸ್‌ಒದಲ್ಲಿ ಎರಡು ಸೆಕೆಂಡ್ ತೆರೆದಿಡಿ.

ಇನ್ನರ್ಧ ಹೊಳಪಿನ ವಿಚಾರ. ಮಳೆಯಲ್ಲಿ ತೊಯ್ದ ಎಲೆ ಆಕಾಶದ ಬಿಳಿಯನ್ನೆಲ್ಲ ಕನ್ನಡಿಯಂತೆ ತೋರಿಸುತ್ತದೆ. ಕಣ್ಣಿಗೆ ಹಸಿರು, ಫೋಟೋದಲ್ಲಿ ಬೂದಿ ಬಳಿದ ಹಾಗೆ. ಇದಕ್ಕೆ ಪೋಲರೈಸರ್ ಅಂತ ಒಂದು ಫಿಲ್ಟರ್ ಇದೆ. ಲೆನ್ಸಿನ ಮುಂದೆ ತಿರುಗಿಸಿ ಹಾಕಿ, ಉಂಗುರ ತಿರುಗಿಸುತ್ತಾ ನೋಡಿದರೆ ಆ ಹೊಳಪು ಅಳಿಸಿಹೋಗಿ ಒಳಗಿನ ಹಸಿರು ಮೇಲೆ ಬರುತ್ತದೆ. ಬೆಳಕು ಒಂದೂವರೆ, ಎರಡು ಸ್ಟಾಪಿನಷ್ಟು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ), ಅದೊಂದು ನೆನಪಿರಲಿ. 600 ಎಂಎಂ ಲೆನ್ಸಿನ ದುಡ್ಡಿನ ಮುಂದೆ ಇದು ಕವಳದ, ಅಂದರೆ ಎಲೆ ಅಡಿಕೆಯ ಖರ್ಚು. ಮಲೆನಾಡಿನಲ್ಲಿ ಫೋಟೋ ತೆಗೆಯುವವರಿಗೆ ನಾನು ಮೊದಲು ಕೊಳ್ಳಿ ಅನ್ನುವುದು ಇದನ್ನೇ.

ಕತ್ತಲೆಕಾನಿನ ಹೆಸರು ಬಂತಲ್ಲ, ರಾಂಪತ್ರೆ ಜಡ್ಡಿಯ ಮಾತು ಹೇಳದೇ ಮುಂದೆ ಹೋಗಲು ಮನಸ್ಸಿಲ್ಲ. ಸದಾ ನೀರು ನಿಂತ ಕೆಸರು. ಉಸಿರಾಡಲು ಮರಗಳು ಬೇರನ್ನು ನೀರಿನಿಂದ ಮೇಲೆ ಎತ್ತಿ, ಮಂಡಿ ಮಡಚಿದ ಹಾಗೆ ಬಾಗಿಸಿ, ಮತ್ತೆ ಒಳಗಿಳಿಸುತ್ತವೆ. ಇಂಥ ಜೌಗು ಕಾಡು ಪಶ್ಚಿಮ ಘಟ್ಟದಲ್ಲಿ ಈಗ ಅಲ್ಲಲ್ಲಿ ತುಣುಕಾಗಿ ಉಳಿದಿದೆ. ಅಲ್ಲಿ 18-55 ಲೆನ್ಸನ್ನು 18ಕ್ಕೆ ಇಟ್ಟು, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ, ಬೇರಿನ ಹತ್ತಿರ ಹೋಗಿ ತೆಗೆಯಬೇಕು. ಕೆಸರಿಗೆ ಕಾಲಿಟ್ಟು ಸಣ್ಣ ಸಸಿಗಳನ್ನು ತುಳಿಯಬೇಡಿ. ಅಂಚಿನಿಂದಲೇ ಸಿಗುತ್ತದೆ.

ಬೆಳಕು ಅಳೆಯುವ ವಿಷಯದಲ್ಲಿ ಕ್ಯಾಮೆರಾ ಸ್ವಲ್ಪ ಪೆದ್ದು. ಅದಕ್ಕೆ ಎಲ್ಲವೂ ನಡುಬಣ್ಣದ ಬೂದಿಯಾಗಿ ಕಾಣಬೇಕು. ಯಾಣದ ಕಪ್ಪು ಬಂಡೆ ಫ್ರೇಮ್ ತುಂಬಿದರೆ ಬೆಳ್ಳಗೆ ಮಾಡುತ್ತದೆ, ಆಗ ಎಕ್ಸ್‌ಪೋಷರ್ ಮೈನಸ್ ಒಂದಕ್ಕೆ ಇಳಿಸಿ. ಸೋಂದೆಯ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವಲ್ಲ, ಅಲ್ಲಿ ಕಡುಹಸಿರು ಮುಂಡಿಗೆ ಗಿಡಗಳ ನಡುವೆ ಬಿಳಿ ಹಕ್ಕಿ ಸಣ್ಣದಾಗಿದ್ದರೂ ಮೈನಸ್ಸೇ. ಇಲ್ಲದಿದ್ದರೆ ಗರಿಯ ಗೆರೆಯೆಲ್ಲ ಸುಣ್ಣ ಬಳಿದ ಹಾಗೆ ಆಗುತ್ತದೆ. ಅದೇ ಬೆಳ್ಳಕ್ಕಿ ಫ್ರೇಮ್ ತುಂಬಿದರೆ ಲೆಕ್ಕ ಉಲ್ಟಾ, ಪ್ಲಸ್.

ಈಗ ಕಾರವಾರಕ್ಕೆ ಇಳಿಯೋಣ. ವಾರದ ಐದು ದಿನ ನಿಮಗೆ ಕಡಲು ಸಿಗುತ್ತದೆ. ಸಂಜೆ ಎಲ್ಲರೂ ದಂಡೆಗೆ ಹೋಗಿ ಮುಳುಗುವ ಸೂರ್ಯನ ಫೋಟೋ ತೆಗೆಯುತ್ತಾರೆ. ತೆಗೆಯಲಿ, ಚೆಂದವೇ. ಆದರೆ ನೀವು ಬೆಳಿಗ್ಗೆ ಹೋಗಿ. ನಮ್ಮ ಕಡಲು ಪಶ್ಚಿಮಕ್ಕೆ. ಸೂರ್ಯ ಘಟ್ಟದ ಹಿಂದಿನಿಂದ ಏರಬೇಕು, ದಂಡೆಗೆ ಬಿಸಿಲು ಬೀಳುವುದು ಸ್ವಲ್ಪ ತಡ. ಬಿದ್ದ ಮೇಲೆ ಅದು ನಿಮ್ಮ ಬೆನ್ನ ಹಿಂದಿನಿಂದ ನೇರ ಅಲೆಯ ಮೇಲೆ, ದೋಣಿಯ ಮೇಲೆ, ಹಕ್ಕಿಯ ಎದೆಯ ಮೇಲೆ ಬೀಳುತ್ತದೆ. ಸಂಜೆ ಬರೀ ಕಪ್ಪು ನೆರಳಾಗಿ ಕಾಣುವ ಹಕ್ಕಿಗೆ ಬೆಳಿಗ್ಗೆ ಕಣ್ಣಿನ ಬಣ್ಣವೂ ಬರುತ್ತದೆ.

ಈಗಷ್ಟೇ ಕಂದು ತಲೆಯ ಕಡಲಕ್ಕಿಗಳು ಬಂದಿಳಿಯುವ ಕಾಲ. ಮಾರ್ಚ್ ತನಕ ಇರುತ್ತವೆ. ರಾಂಪಣಿ ಬಲೆ ಎಳೆಯುವ ದಿನ ಸಿಕ್ಕರೆ ಬಿಡಬೇಡಿ. ಬಲೆ ದಂಡೆಗೆ ಹತ್ತಿರವಾಗುತ್ತಿದ್ದ ಹಾಗೆ ಕಡಲಕ್ಕಿ, ಗರುಡ, ಕಾಗೆ ಎಲ್ಲ ಸೇರುತ್ತವೆ. ಮೊದಲು ಬಲೆಯವರ ಹತ್ತಿರ ಹೋಗಿ ಮಾತಾಡಿ. ಒಂದೆರಡು ದಿನ ಕ್ಯಾಮೆರಾ ಬದಿಗಿಟ್ಟು ಹಗ್ಗಕ್ಕೆ ಕೈ ಕೊಟ್ಟರೂ ತಪ್ಪೇನಿಲ್ಲ. ಆಮೇಲೆ ಮರಳ ಮೇಲೆ ಕೂತುಬಿಡಿ. ನಿಂತವನಿಗೆ ಹೆದರುವ ಹಕ್ಕಿ ಕೂತವನಿಗೆ ಅಷ್ಟು ಹೆದರುವುದಿಲ್ಲ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಿಮ್ಮ ಲೆನ್ಸ್ ಇಳಿದರೆ ಹಿಂದಿನ ಮರಳೆಲ್ಲ ಕರಗಿ ಹಕ್ಕಿ ಎದ್ದು ಕಾಣುತ್ತದೆ. ಹಾರುವಾಗ ತೆಗೆಯಲು 1/2000 ಇಡಿ. ಬೆಳಗಿನ ಎಂಟರ ಬಿಸಿಲಿನಲ್ಲಿ ಅದು ಆರಾಮಾಗಿ ಸಿಗುತ್ತದೆ.

ಭರತ (ಉಬ್ಬರ), ಇಳಿತದ ಲೆಕ್ಕ ಕಲಿಯಿರಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ಸೋಮವಾರ ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ ಮುಂದಿನ ಸೋಮವಾರ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಭರತ. ಎರಡು ವಾರ ಬಿಟ್ಟರೆ ಮತ್ತೆ ಇಳಿತ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿತದಲ್ಲಿ ಒದ್ದೆ ಮರಳಿನ ಮೇಲೆ ಪುಟ್ಟ ಪುಟ್ಟ ಗುಳಿಗೆಗಳ ರಂಗೋಲಿ ನೋಡಿದ್ದೀರಾ? ಅದು ಬಟಾಣಿಯಷ್ಟು ದೊಡ್ಡ ಏಡಿಯ ಕೆಲಸ. ಮರಳನ್ನು ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ಇಡುತ್ತಾ ಹೋಗುತ್ತದೆ. ಬಿಲದ ಸುತ್ತ ಕಿರಣದ ಹಾಗೆ ಸಾಲು. ಮುಂದಿನ ಭರತಕ್ಕೆ ಎಲ್ಲ ಅಳಿಸಿಹೋಗುತ್ತದೆ. ಓರೆ ಬಿಸಿಲಿನಲ್ಲಿ ಒಂದೊಂದು ಗುಳಿಗೆಗೂ ನೆರಳು ಬೀಳುವಾಗ 18-55ರಲ್ಲಿ ಮೇಲಿನಿಂದ ತೆಗೆಯಿರಿ. ಇದೇ ಲೆಕ್ಕ ಅಘನಾಶಿನಿ ಅಳಿವೆಗೂ ಬೇಕು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಜಾಗ ಅದು. ನೀರು ಇಳಿದು ಕೆಸರು ಮೇಲೆದ್ದಾಗ ಬಳಚು (ಚಿಪ್ಪುಮೀನು) ಹೆಕ್ಕುವವರೂ ಕೊಕ್ಕಿನಲ್ಲಿ ಕೆದಕುವ ಹಕ್ಕಿಗಳೂ ಒಂದೇ ಬಯಲಿನಲ್ಲಿ ಇರುತ್ತಾರೆ. ಭರತದ ಹೊತ್ತಿಗೆ ಹೋದರೆ ಬರೀ ನೀರು ನೋಡಿ ಬರಬೇಕು.

ಕಾರವಾರದಲ್ಲಿ ಒಂದು ಎಚ್ಚರ. ಅರ್ಗಾ ಕಡೆ ನೌಕಾನೆಲೆ ಇದೆ, ಕಾಳಿ ದಂಡೆಯಲ್ಲಿ ಕೈಗಾ ಸ್ಥಾವರ ಇದೆ. ಆ ದಿಕ್ಕಿಗೆ ಲೆನ್ಸ್ ತಿರುಗಿಸಬೇಡಿ, ಡ್ರೋನ್ ಹಾರಿಸುವ ಯೋಚನೆಯೂ ಬೇಡ. ಕಾಳಿ ಹುಲಿ ರಕ್ಷಿತಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗೂಡಿರುವ ಜಾಗವನ್ನು ಊರಿಗೆಲ್ಲ ಸಾರಬೇಡಿ. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಕ್ಕಿ ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಕೆಲಸ ಬಿಟ್ಟು ಓಡಿ ಬರುತ್ತದೆ.

ಮೈಯ ಬಗ್ಗೆಯೂ ಎರಡು ಮಾತು. ಮಳೆಗಾಲದ ಉಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ನಿಮಗೆ ಹೇಳಿಕೊಡಬೇಕಾಗಿಲ್ಲ. ಉಂಬಳ ರಕ್ತ ಕುಡಿದು ಬೀಳುತ್ತದೆ ಅಷ್ಟೆ, ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಅದು ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ಕಡೆ ಇವತ್ತಿಗೂ ಇದೆ. ಡಿಸೆಂಬರಿನಿಂದ ಮೇ ತನಕ ಜೋರು. ದರಕಿನ ಮೇಲೆ ಮಲಗಿ ಫೋಟೋ ತೆಗೆಯುವ ಚಟ ಇದ್ದರೆ ಆ ತಿಂಗಳುಗಳಲ್ಲಿ ಬಿಡಿ. ಮಂಗ ಸತ್ತ ಸುದ್ದಿ ಇರುವ ಬೆಟ್ಟಕ್ಕೆ ಹೋಗಲೇಬೇಡಿ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಕ್ಯಾಮೆರಾಕ್ಕೆ ನಮ್ಮ ಊರಿನ ಹವೆಯೇ ಶತ್ರು. ಒಂದು ಮಳೆಗಾಲ ನಾನು ಲೆನ್ಸನ್ನು ಮರದ ಕಪಾಟಿನಲ್ಲಿ ಇಟ್ಟು ಮರೆತೆ. ದೀಪಾವಳಿಗೆ ತೆಗೆದಾಗ ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು. ರಿಪೇರಿಗೆ ಕೊಟ್ಟೆ, ಹೋದ ಲೆನ್ಸ್ ಮೊದಲಿನ ಹಾಗೆ ಬರಲೇ ಇಲ್ಲ. ಈಗ ಹಲಸಿನ ಹಪ್ಪಳ ಹಾಕಿಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಕಡಲಿನಿಂದ ಬಂದ ದಿನ, ಉಪ್ಪಿನ ಪಸೆ ಒಣಗುವ ಮೊದಲು, ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಕ್ಯಾಮೆರಾದ ಹೊರಮೈ ಒರೆಸಿ.

ಲೆನ್ಸ್ ಯಾವಾಗ ಅಂತ ಕೇಳುತ್ತೀರಿ. ವರ್ಷ ತುಂಬಿದ ಮೇಲೆ ಆ ಜೇಬಿನ ಪುಸ್ತಕ ತೆರೆಯಿರಿ. ಯಾವುದು ಯಾಕೆ ಸಿಗಲಿಲ್ಲ ಅಂತ ಬರೆದ ಸಾಲುಗಳನ್ನು ಎಣಿಸಿ. ‘ಬೆಳಕು ಸಾಲಲಿಲ್ಲ’ ಅಂತ ಜಾಸ್ತಿ ಇದ್ದರೆ ಗಟ್ಟಿ ಟ್ರೈಪಾಡ್ ತಗೊಳ್ಳಿ. ಹುಳ, ಅಣಬೆ, ಹೂವಿಗೆ ಹತ್ತಿರ ಹೋಗಲಾಗಲಿಲ್ಲ ಅಂತ ಇದ್ದರೆ ಮ್ಯಾಕ್ರೋ ಲೆನ್ಸ್. ಹಕ್ಕಿ ಎಲ್ಲಿ ಕೂರುತ್ತದೆ ಗೊತ್ತು, ಯಾವಾಗ ಬರುತ್ತದೆ ಗೊತ್ತು, ಬೆಳಕೂ ಇತ್ತು, ಆದರೂ 300ಕ್ಕೆ ಎಟುಕಲಿಲ್ಲ ಅಂತ ಪುಟ ಪುಟ ಇದ್ದರೆ ಆಗ 600 ಎಂಎಂ ಲೆನ್ಸನ್ನು ಒಂದು ವಾರ ಬಾಡಿಗೆಗೆ ತಂದು ನೋಡಿ. ಅದರ ತೂಕ ಹೊತ್ತು ನಿಮ್ಮ ಬೆಟ್ಟ ಹತ್ತಿ ಇಳಿದ ಮೇಲೆ ತೀರ್ಮಾನ ಮಾಡಿ.

ಈ ಶನಿವಾರ ದೇವಿಮನೆ ಘಾಟಿ ಹತ್ತಿ ಮನೆಗೆ ಬಂದಾಗ ಕ್ಯಾಮೆರಾ ಡಬ್ಬಿಯಲ್ಲೇ ಇರಲಿ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತು. ನಿಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವ ಕೊನೆಗೌಡನ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮರದಿಂದ ಮರಕ್ಕೆ ಜೀಕಿ ದಾಟುವ ಅವನು ನಿಮ್ಮ ಬೆಟ್ಟವನ್ನು ನೀವು ಎಂದೂ ನೋಡದ ಎತ್ತರದಿಂದ ನೋಡುತ್ತಾನೆ. ಯಾವ ಪೊಟರೆಯಲ್ಲಿ ಗಿಳಿ, ಯಾವ ಬಸರಿ ಮರ ಹಣ್ಣು ಬಿಡುತ್ತಿದೆ, ಓತಿ ಯಾವ ಸಾಲಿನಲ್ಲಿ ಜಾಸ್ತಿ, ಎಲ್ಲ ಅವನಿಗೆ ಗೊತ್ತಿರುತ್ತದೆ. ಒಂದು ಕವಳ ಹಾಕಿಸಿ, ಆಮೇಲೆ ಕೇಳಿ.